ಮುಂಗುರುಳು: ಒಂದು ಚಾರಿತ್ರಿಕ ವಿಚಾರ

ಹಣೆಯ ಮೇಲೆ ತಾನಾಗಿ ಬಾಗಿ ಸುರುಳಿಗೊಳ್ಳುವ ಕೂದಲಿಗೆ ಕನ್ನಡದಲ್ಲಿ ಕುರುಳು, ಮುಂಗುರುಳು ಎಂಬ ಹೆಸರುಗಳು ಬಹುಕಾಲದಿಂದ ನಡೆದುಬಂದಿವೆ. ತೆಲುಗಿನಲ್ಲಿಯೂ ಕುರುಲು ಎಂಬ ಶಬ್ದವು ತಲೆಗೂದಲಿಗೆ ಸಲ್ಲುವುದು. ಸಂಸ್ಕೃತದಿಂದ ಬಂದ ಅಳಕ, ಕುಂತಳ ಎಂಬ ಮಾತುಗಳನ್ನು ಕನ್ನಡ ಕವಿಗಳು ತಮ್ಮವನ್ನಾಗಿಯೇ ಮಾಡಿಕೊಂಡರು. ಆಡುನುಡಿಯು ಗುಂಗುರುಗೂದಲೆಂಬ ಹೆಸರನ್ನು ಉಳಿಸಿಕೊಂಡಿತು. ಒಂದು ವಸ್ತುವಿಗೆ ಇಷ್ಟು ಹೆಸರುಗಳಿರಬೇಕಾದರೆ ಜನರು ಅದನ್ನು ಕಣ್ಣಿಟ್ಟು ನೋಡಿದ್ದರೆಂದೇ ತಿಳಿಯಬೇಕು. ಕರ್ಣಾಟಕದ ಬಹುಭಾಗಕ್ಕೆ ಹಿಂದೆ ಕುಂತಳದೇಶವೆಂಬ ಹೆಸರಿದ್ದಿತು. ಕಲ್ಯಾಣದ ಚಾಲುಕ್ಯರು ಕುಂತಳೇಶ್ವರರೆನಿಸಿಕೊಂಡರು. ಆ ದೇಶನಾಮದ ಮೂಲವೇನೇ ಇರಲಿ, ಭೂದೇವಿಯ ಕುರುಳಿನಂತೆ ಶೋಭಿಸುವ ನಾಡು ಇದೆಂದು ಶ್ಲೇಷೆಯಿಂದ ಹೊಗಳುವ ಅವಕಾಶವನ್ನು ಕವಿಗಳು ಬಿಡಲಿಲ್ಲ.

ಆದರೆ ಕುರುಳಿನ ಚರಿತ್ರೆಯನ್ನು ಕಾವ್ಯಶಿಲ್ಪಗಳಲ್ಲಿ ಮಾತ್ರ ಅರಸಿದರೆ ಅದರ ಅರ್ಧಭಾಗವಷ್ಟೇ ದೊರೆಯುವುದು. ಉಳಿದರ್ಧವು ಅದನ್ನು ತೊಳೆದು ಪೋಷಿಸಿದ ಪದಾರ್ಥಗಳಲ್ಲಿಯೂ, ಆ ಪದಾರ್ಥಗಳನ್ನು ಕಾಡಿನಿಂದ ಆರಿಸಿ ತಂದ ಕೈಗಳಲ್ಲಿಯೂ ಅಡಗಿದೆ. ಈ ಎರಡು ಭಾಗಗಳೂ ಒಟ್ಟಿಗೆ ಕಾಣಸಿಗುವುದು ಯಳಂದೂರು, ಕೊಳ್ಳೇಗಾಲ, ಹನೂರುಗಳ ಸೀಮೆಯಲ್ಲಿ.

ಮೊದಲು ಶಿಲ್ಪವನ್ನೂ ಗ್ರಂಥವನ್ನೂ ನೋಡಬಹುದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಕನ್ನಡಿ ಹಿಡಿದು ಮುಖಶೃಂಗಾರವನ್ನು ನೋಡಿಕೊಳ್ಳುವವಳನ್ನು ಅರಿಯದವರಿಲ್ಲ. ಆ ಸಾಲಿನಲ್ಲಿಯೇ ಗುಂಗುರುಗೂದಲಿನಿಂದ ಹೆಸರಾದವಳೊಬ್ಬಳೂ ಇರುವಳು. ಅದಾದ ಕೆಲವೇ ವರ್ಷಗಳಿಗೆ, 1129ರ ಸುಮಾರಿನಲ್ಲಿ, ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಗ್ರಂಥವು ಅರಸನ ಉಪಭೋಗಗಳನ್ನು ವಿವರಿಸುವಾಗ ಸ್ನಾನಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟು, ಸುಗಂಧತೈಲದ ಅಭ್ಯಂಗವನ್ನು ವಿಸ್ತಾರವಾಗಿ ಹೇಳುತ್ತದೆ. ಎಣ್ಣೆಯಿಲ್ಲದೆ ಕೂದಲಿನ ಆರೈಕೆಯಿಲ್ಲವೆಂಬುದು ಅಂದಿಗೂ ಅರಮನೆಯಲ್ಲಿ ನಿಶ್ಚಿತವಾದ ಮಾತಾಗಿದ್ದಿತು.

ಇನ್ನು ಯಳಂದೂರಿಗೆ ಬರುವುದಾದರೆ, ಹದಿನೇಳನೆಯ ಶತಮಾನವು ಆ ಚಿಕ್ಕ ಊರಿಗೆ ದೊಡ್ಡ ಕಾಲ. ಹದಿನಾಡಿನ ನಾಯಕರು ಸುಮಾರು 1550ರಲ್ಲಿ ಕಟ್ಟಿಸಿದ ಗೌರೀಶ್ವರ ದೇವಾಲಯಕ್ಕೆ 1654-55ರಲ್ಲಿ ಅದೇ ಮನೆತನದವರು ಮಹಾದ್ವಾರವನ್ನು ಕಟ್ಟಿಸಿದರು. ಅದರ ಮೂಲೆಗಳಲ್ಲಿ ಒಂದೇ ಕಲ್ಲಿನಲ್ಲಿ ಬಿಡಿಸಿದ ಬಳೆಗಳ ಸರಪಣಿಗಳಿರುವುದರಿಂದ ಅದಕ್ಕೆ ಬಳೆಮಂಟಪವೆಂದು ಹೆಸರು. ಕಲ್ಲನ್ನು ಉಂಗುರವಾಗಿ ಬಾಗಿಸಬಲ್ಲ ಉಳಿಯೇ ಶಿಲ್ಪಿಯ ಕೈಯಲ್ಲಿ ಕುರುಳನ್ನೂ ಬಿಡಿಸುವಂತಹುದು. ಅದೇ 1655ರಲ್ಲಿ ರಾಜಶೇಖರವಿಲಾಸವನ್ನು ಮುಗಿಸಿದ ಷಡಕ್ಷರದೇವನ ಗದ್ದುಗೆಯು ಇರುವುದೂ ಯಳಂದೂರಿನಲ್ಲಿಯೇ. ಅಂಗಾಂಗಗಳ ವರ್ಣನೆಯನ್ನು ವೈಭವದಿಂದ ಮಾಡುವ ಚಂಪೂಸಂಪ್ರದಾಯದ ಕೊನೆಯ ದೊಡ್ಡ ಕವಿ ಆತನು. ಇದೇ ಊರಿನ ಇನ್ನೊಂದು ಹೆಸರು ಸಂಚಿಯ ಹೊನ್ನಮ್ಮನದು. ಚಿಕ್ಕದೇವರಾಜ ಒಡೆಯರ ರಾಣಿಯಾಗಿ ಯಳಂದೂರಿನಿಂದ ಮೈಸೂರಿಗೆ ಹೋದ ದೇವಾಜಮ್ಮಣ್ಣಿಯವರ ಅಡಕೆಲೆಯ ಸಂಚಿಯನ್ನು ಹೊರುವ ಊಳಿಗದವಳಾಗಿ ಈಕೆ ಅರಮನೆಯನ್ನು ಸೇರಿ, ಅಳಸಿಂಗರಾರ್ಯನ ಶಿಷ್ಯೆಯಾಗಿ, ಹದಿಬದೆಯ ಧರ್ಮವನ್ನು ಸಾಂಗತ್ಯದಲ್ಲಿ ಬರೆದಳು. ಷಡಕ್ಷರಿಯ ಚಂಪುವು ಹೆಣ್ಣನ್ನು ಹೊರಗಿನಿಂದ ನೋಡಿ ಬೆರಗಾಗುವ ಕಾವ್ಯ; ಹೊನ್ನಮ್ಮನ ಸಾಂಗತ್ಯವು ಮನೆಯೊಳಗಿನಿಂದ ಎದ್ದ ಹೆಣ್ಣಿನ ದನಿ. ಹೊಗಳುವವನಿಗೆ ಮುಂಗುರುಳು ಒಂದು ಉಪಮೆಯಾದರೆ, ಅದನ್ನು ಹೊತ್ತವಳಿಗೆ ಅದೊಂದು ನಿತ್ಯದ ಕೆಲಸ.

ಆ ಕೆಲಸವೇನೆಂಬುದನ್ನು ಅರಿಯಲು ಕೂದಲಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಕೂದಲು ಹುಟ್ಟುವ ಕೂಪವು ನೆಟ್ಟಗಿದ್ದರೆ ಎಳೆಯೂ ನೆಟ್ಟಗೆ ಬರುವುದು. ಕೂಪವೇ ಬಾಗಿದ್ದರೆ ಎಳೆಯು ಚಪ್ಪಟೆಯಾಗಿ, ಸುರುಳಿಸುತ್ತಿಕೊಂಡು ಹೊರಡುವುದು. ತಲೆಯ ಚರ್ಮದಲ್ಲಿ ಊರುವ ಸಹಜವಾದ ಜಿಡ್ಡು ನೆಟ್ಟನೆಯ ಕೂದಲಿನಲ್ಲಿ ಸುಲಭವಾಗಿ ತುದಿಯವರೆಗೆ ಇಳಿದರೂ, ಸುರುಳಿಯ ತಿರುವುಗಳನ್ನು ದಾಟಿ ಇಳಿಯಲಾರದು. ಆದುದರಿಂದ ಗುಂಗುರುಗೂದಲು ಬೇಗನೆ ಒಣಗಿ, ಸಿಕ್ಕುಗಟ್ಟಿ, ಒರಟಾಗುವುದು. ಹೊರಗಿನಿಂದ ಎಣ್ಣೆಯನ್ನು ಕೊಡುವುದೂ, ಒಳಗಿನ ಜಿಡ್ಡನ್ನೆಲ್ಲ ಸುಲಿದುಹಾಕದಂತೆ ತೊಳೆಯುವುದೂ ಇದರ ಆರೈಕೆಯ ಎರಡು ಮುಖ್ಯ ಸೂತ್ರಗಳು.

ಈ ಎರಡನ್ನೂ ಇಲ್ಲಿನ ಗೃಹಿಣಿಯರು ಶಾಸ್ತ್ರವನ್ನೋದದೆಯೇ ಬಲ್ಲವರಾಗಿದ್ದರು. ವಾರಕ್ಕೊಮ್ಮೆ ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿ, ಎಳೆಎಳೆಗೂ ಸವರಿ, ಹೊತ್ತು ಕಳೆದ ಮೇಲೆ ಸೀಗೆಪುಡಿಯಿಂದ ತೊಳೆಯುವುದು ವಾಡಿಕೆ. ಸೀಗೆಯ ನೊರೆ ಅಲ್ಪ. ಅದರ ಗುಣ ತುಸು ಹುಳಿ. ಅದು ಕೊಳೆಯನ್ನು ತೆಗೆದು ಸ್ವಲ್ಪ ಜಿಡ್ಡನ್ನು ಉಳಿಸುವುದು. ಕುರುಚಲು ಕಾಡಿನ ಚಿಗರೆಮರದ ಎಲೆಯನ್ನು ಒಣಗಿಸಿ ಕುಟ್ಟಿದ ಚಿಗರೆಪುಡಿಯು ಮತ್ತೊಂದು. ಕೊಳ್ಳೇಗಾಲದಾಚೆಯ ತಮಿಳು ಸೀಮೆಯಲ್ಲಿ ಇದನ್ನೇ ಅರಪ್ಪು ಎನ್ನುವರು. ದಾಸವಾಳದ ಎಲೆಯ ಲೋಳೆ, ನೆನೆಸಿ ರುಬ್ಬಿದ ಮೆಂತ್ಯ ಇವು ಎಳೆಗಳನ್ನು ನುಣುಪುಗೊಳಿಸಿ ಸಿಕ್ಕು ಬಿಡಿಸಲು ನೆರವಾಗುವವು. ಅಂಟುವಾಳದ ನೊರೆ ಹೆಚ್ಚಾದರೂ ಅದು ಜಿಡ್ಡನ್ನು ಹೆಚ್ಚಾಗಿ ಕೀಳುವುದರಿಂದ ಗುಂಗುರುಗೂದಲಿಗೆ ಮಿತವಾಗಿಯೇ ಸಲ್ಲತಕ್ಕದ್ದು. ತೊಳೆದ ಕೂದಲು ತೇವವಾಗಿರುವಾಗಲೇ ಬೆರಳುಗಳಿಂದಲೋ ಬಿಡಿಹಲ್ಲಿನ ಮರದ ಬಾಚಣಿಗೆಯಿಂದಲೋ ತುದಿಯಿಂದ ಮೊದಲುಮಾಡಿ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ಒಣಗಿದ ಮೇಲೆ ಬಾಚಿದರೆ ಸುರುಳಿ ಒಡೆದು ಕೂದಲು ಕೆದರುವುದು.

ಎಣ್ಣೆಯ ಈ ಮಹಿಮೆಯು ಈ ಸೀಮೆಯಲ್ಲಿ ಮನೆಯಿಂದ ದೇವರವರೆಗೂ ಹಬ್ಬಿದೆ. ನರಕಚತುರ್ದಶಿಯಂದು ಮನೆಮನೆಯಲ್ಲಿ ಅಭ್ಯಂಜನವಾಗುವಂತೆ, ಹನೂರು ತಾಲ್ಲೂಕಿನ ಮಲೆ ಮಹದೇಶ್ವರನ ಬೆಟ್ಟದಲ್ಲಿ ಮಾದಪ್ಪನಿಗೆ ಎಣ್ಣೆಮಜ್ಜನದ ಸೇವೆ ನಡೆಯುವುದು. ಅದೇ ಸನ್ನಿಧಿಯಲ್ಲಿ ಹರಕೆ ಹೊತ್ತವರು ಮುಡಿಯನ್ನೂ ಒಪ್ಪಿಸುವರು. ನೆಟ್ಟನೆಯದಾಗಲಿ ಗುಂಗುರಿನದಾಗಲಿ, ಸಾಕಿದ ಕೂದಲು ಒಪ್ಪಿಸಲು ತಕ್ಕ ಒಡವೆಯೆಂದು ಜನರು ಬಗೆದುದರಿಂದಲೇ ಮುಡಿಯು ಹರಕೆಯಾಯಿತು.

ಹಣೆಯ ಮೇಲಿನ ಕೂದಲನ್ನು ಕತ್ತರಿಸಿ ಇಳಿಬಿಡುವ ಪದ್ಧತಿಯು ಹಿಂದಿನ ಮನೆಗಳಲ್ಲಿ ಮಕ್ಕಳಿಗೆ ಮಾತ್ರ ಸಲ್ಲುತ್ತಿದ್ದಿತು. ಬೆಳೆದ ಹೆಣ್ಣುಮಕ್ಕಳ ಕೂದಲನ್ನು ಬೈತಲೆ ತೆಗೆದು, ಎಣ್ಣೆಯಿಂದ ಒತ್ತಿ, ಜಡೆಯಾಗಿ ಹೆಣೆಯುವುದೇ ಮರ್ಯಾದೆ. ಅದನ್ನು ಮೀರಿ ಹಣೆಗೆ ಜಾರಿದ ಒಂದೆರಡು ಸುರುಳಿಗಳೇ ಕವಿಗಳ ಮುಂಗುರುಳು. ಪಶ್ಚಿಮದೇಶಗಳಲ್ಲಿ ಇದರ ವಿರುದ್ಧವಾದ ಪ್ರಯತ್ನ ನಡೆಯಿತು. ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕನು 1906ರಲ್ಲಿ ಲಂಡನ್ನಿನಲ್ಲಿ ನೆಟ್ಟನೆಯ ಕೂದಲನ್ನು ಕಾಯಿಸಿದ ಲೋಹದ ಸಲಾಕೆಗಳಿಗೆ ಸುತ್ತಿ, ಕ್ಷಾರದ್ರವವನ್ನು ಹಚ್ಚಿ, ಗಂಟೆಗಟ್ಟಲೆ ಕೂರಿಸಿ ಶಾಶ್ವತವಾದ ಗುಂಗುರನ್ನು ಬರಿಸುವ ವಿಧಾನವನ್ನು ಪ್ರದರ್ಶಿಸಿದನು. 1920ರ ದಶಕದಲ್ಲಿ ಕೂದಲನ್ನು ಗಿಡ್ಡವಾಗಿ ಕತ್ತರಿಸಿ ಹಣೆಗೆ ಇಳಿಬಿಡುವುದು ಅಲ್ಲಿ ಪ್ರಚಾರಕ್ಕೆ ಬಂದು, ಚಲಚ್ಚಿತ್ರಗಳ ಮೂಲಕ ಭಾರತಕ್ಕೂ ಬಂದಿತು. ಮುಂದೆ ಸುರುಳಿಯನ್ನು ಕಾಯಿಸಿ ನೆಟ್ಟಗೆ ಮಾಡುವ ಯಂತ್ರಗಳೂ ಬಂದುವು. ಹೀಗೆ ಇಲ್ಲದವರು ಬರಿಸಿಕೊಳ್ಳಲೂ, ಇದ್ದವರು ಕಳೆದುಕೊಳ್ಳಲೂ ಹೆಣಗಿದುದೇ ಇಪ್ಪತ್ತನೆಯ ಶತಮಾನದ ಕುರುಳಿನ ಕಥೆ. ಸಹಜವಾದ ಗುಂಗುರುಗೂದಲನ್ನು ಹಣೆಗೆ ಇಳಿಬಿಡಬೇಕೆಂಬವರು ಒಂದು ವಿಷಯವನ್ನು ಮರೆಯಬಾರದು: ಒದ್ದೆಯಾದಾಗ ಸುರುಳಿಯು ನೀಳವಾಗಿ ತೋರಿ, ಒಣಗಿದಾಗ ಮೇಲಕ್ಕೆ ಕುಗ್ಗುವುದು. ಆದುದರಿಂದ ಒಣಗಿದಾಗಲೇ, ಬೇಕಾದ ಅಳತೆಗಿಂತ ಉದ್ದವಾಗಿಯೇ ಕತ್ತರಿಸತಕ್ಕದ್ದು.

ಕುರುಳಿಗೆ ಇನ್ನೊಂದು ದೃಷ್ಟಿಯೂ ತಗುಲಿತು. ಅದು ಶೃಂಗಾರದ್ದಲ್ಲ, ತೂಕಹಾಕುವವರದು. ಹತ್ತೊಂಬತ್ತನೆಯ ಶತಮಾನದ ಯೂರೋಪಿಯನ್ ವಿದ್ವಾಂಸರು ಮನುಷ್ಯರನ್ನು ನೆಟ್ಟಗೂದಲಿನವರು, ಸುರುಳಿಗೂದಲಿನವರು ಎಂದು ಕುಲಗಳಾಗಿ ವಿಂಗಡಿಸಿದರು. ಕೊಳ್ಳೇಗಾಲವು 1956ರ ರಾಜ್ಯಪುನರ್ವಿಂಗಡಣೆಯವರೆಗೂ ಮದ್ರಾಸು ಪ್ರಾಂತಕ್ಕೆ ಸೇರಿ ಕೊಯಮತ್ತೂರು ಜಿಲ್ಲೆಯಲ್ಲಿದ್ದಿತಾಗಿ, ಮದ್ರಾಸಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾದ ಎಡ್ಗರ್ ಥರ್ಸ್ಟನ್ನನು 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ಜಾತಿಬುಡಕಟ್ಟುಗಳ ವಿವರಣೆಯಲ್ಲಿ ಇಲ್ಲಿನ ಬೆಟ್ಟಗಳ ಸೋಲಿಗರೂ ಸೇರಿದರು. ಅದಕ್ಕೂ ಮುಂಚೆ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಸೀಮೆಯಲ್ಲಿ ಸಂಚರಿಸಿ ಅವರ ವಿಷಯವನ್ನು ಬರೆದಿದ್ದನು. ಸೋಲಿಗರಲ್ಲಿ ಗುಂಗುರುಗೂದಲಿನವರು ಬಹುಮಂದಿ. ಅರಮನೆಯ ಚೆಲುವೆಯ ಹಣೆಯಲ್ಲಿ ಯಾವುದು ಅಲಂಕಾರವೆನಿಸಿತೋ ಅದೇ ಕಾಡಿನವರ ತಲೆಯ ಮೇಲೆ ಹಿಂದುಳಿದ ಕುಲದ ಗುರುತೆನಿಸಿತು. ಇಂದಿನ ವಿಜ್ಞಾನವು ಈ ಲೆಕ್ಕವನ್ನು ಅಳಿಸಿಹಾಕಿದೆ. ಕೂದಲಿನ ಆಕಾರವು ಕೆಲವು ಅನುವಂಶಿಕ ಗುಣಗಳ ಫಲ. ಬುದ್ಧಿಗಾಗಲಿ ನಾಗರಿಕತೆಗಾಗಲಿ ಅದು ಅಳತೆಗೋಲಲ್ಲ. ಒಂದೇ ಮನೆಯ ಅಕ್ಕತಂಗಿಯರಲ್ಲಿ ಒಬ್ಬಳದು ನೆಟ್ಟಗೂ ಇನ್ನೊಬ್ಬಳದು ಗುಂಗುರಾಗಿಯೂ ಇರುವುದನ್ನು ಯಾರೂ ನೋಡಬಹುದು. ಜನರ ಕಥೆಯಾದರೋ ಬೇರೊಂದು ನ್ಯಾಯವನ್ನು ಹೇಳುತ್ತದೆ: ಬಿಳಿಗಿರಿಯ ರಂಗನಾಥನು ಸೋಲಿಗರ ಕನ್ಯೆಯಾದ ಕುಸುಮಾಲೆಯನ್ನು ಮೆಚ್ಚಿ ವರಿಸಿದನೆಂದೂ, ಆದುದರಿಂದ ರಂಗಪ್ಪನು ಸೋಲಿಗರಿಗೆ ಭಾವನೆಂದೂ ಅವರು ಇಂದಿಗೂ ನಂಬುವರು.

ಈ ಸೋಲಿಗರೇ ಮೇಲೆ ಹೇಳಿದ ಪದಾರ್ಥಗಳನ್ನು ಬಯಲುಸೀಮೆಗೆ ಒದಗಿಸುತ್ತ ಬಂದವರು. ಸೀಗೆಯು ಮುಳ್ಳುತುಂಬಿದ ಬಳ್ಳಿ. ದೊಡ್ಡ ಮರಗಳನ್ನು ತಬ್ಬಿ ಏರುವುದು. ಅದರ ಕಾಯನ್ನು ಬಿಡಿಸುವವನ ಕೈಯಲ್ಲಿ ಗೀರುಗಳು ತಪ್ಪವು. ನೆಲ್ಲಿ, ಅಂಟುವಾಳ, ಜೇನು ಇವೂ ಅದೇ ಕೈಗಳಿಂದ ಬಂದುವು. 1918ರಿಂದ ಮೈಸೂರು ಸಂಸ್ಥಾನದ ಶ್ರೀಗಂಧದ ಸಾಬೂನು ಮನೆಗಳನ್ನು ಸೇರಿತು. ತಲೆಯನ್ನು ತಿಕ್ಕುವುದಕ್ಕೆ ಹಿಂದೂಸ್ತಾನಿಯಲ್ಲಿದ್ದ ಚಾಂಪೋ ಎಂಬ ಮಾತು ಇಂಗ್ಲೆಂಡಿಗೆ ಹೋಗಿ ಶಾಂಪೂ ಆಗಿ ಹಿಂದಿರುಗಿತು. 1980ರ ದಶಕದಲ್ಲಿ ಒಂದು ಸ್ನಾನಕ್ಕೆ ಸಾಲುವ ಅದರ ಪೊಟ್ಟಣಗಳು ಹಳ್ಳಿಯ ಅಂಗಡಿಗೂ ಬಂದುವು. ಆದರೂ ಸೀಗೆಗೆ ಗಿರಾಕಿ ತಪ್ಪಲಿಲ್ಲ. ಬೆಟ್ಟದವರು ತಂದುದನ್ನು ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು ಕೊಂಡು ಮಾರುತ್ತಿದ್ದುವು. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಾಪಿತವಾದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಈ ಉದ್ಯಮಕ್ಕೆ ಬೆಂಬಲವಾಯಿತು. 1990ರ ದಶಕದಲ್ಲಿ ಸೋಲಿಗರ ನಗದು ವರಮಾನದ ಸುಮಾರು ಅರ್ಧವು ಇಂತಹ ಅರಣ್ಯವಸ್ತುಗಳಿಂದಲೇ ಬರುತ್ತಿದ್ದಿತು.

ಬಿಳಿಗಿರಿಯ ಕಾಡು 1974ರಲ್ಲಿ ವನ್ಯಜೀವಿಧಾಮವಾಗಿತ್ತು. ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ 2002ರಲ್ಲಿ ಆದ ತಿದ್ದುಪಡಿಯ ಫಲವಾಗಿ, 2006ರ ವೇಳೆಗೆ ಅಲ್ಲಿ ಮಾರಾಟಕ್ಕಾಗಿ ಸೀಗೆನೆಲ್ಲಿಗಳನ್ನು ಆರಿಸುವುದು ನಿಂತುಹೋಯಿತು. ತಲೆಮಾರುಗಳ ವೃತ್ತಿಯೊಂದು ಅಪರಾಧದ ಸಾಲಿಗೆ ಸೇರಿತು. ಅದೇ 2006ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಅರಣ್ಯಹಕ್ಕು ಶಾಸನವನ್ನು ಆಧರಿಸಿ ಸೋಲಿಗರು ತಮ್ಮ ಗ್ರಾಮಸಭೆಗಳ ಮೂಲಕ ಹಕ್ಕನ್ನು ಕೇಳಿದರು. 2011ರ ಆದಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಪ್ಪತ್ತೈದು ಗ್ರಾಮಸಭೆಗಳಿಗೆ ಅರಣ್ಯವಸ್ತುಗಳನ್ನು ಸಂಗ್ರಹಿಸುವ ಸಾಮುದಾಯಿಕ ಹಕ್ಕು ದೊರೆಯಿತು. ಹುಲಿಯ ಕಾಡಿನಲ್ಲಿ ಬುಡಕಟ್ಟಿನವರಿಗೆ ಇಂತಹ ಹಕ್ಕು ಸಂದುದು ಭಾರತದಲ್ಲಿ ಅದೇ ಮೊದಲು. ಹಕ್ಕು ಬಂದಿತಾದರೂ ಆ ವೇಳೆಗೆ ಕಾಡು ಮೊದಲಿನಂತೆ ಉಳಿದಿರಲಿಲ್ಲ. ಲಂಟಾನವೆಂಬ ಪರದೇಶದ ಪೊದೆಯು ನೆಲವನ್ನು ಮುಚ್ಚಿ ಎಳೆಯ ಸಸಿಗಳನ್ನು ಅಡಗಿಸುತ್ತಿದೆ. ಹಿಂದೆ ಋತುವಿನ ಮೊದಲಲ್ಲಿಯೇ ಹಚ್ಚುತ್ತಿದ್ದ ತರಗುಬೆಂಕಿಯನ್ನು ನಿಲ್ಲಿಸಿದುದೇ ಇದಕ್ಕೆ ಕಾರಣವೆಂದು ಸೋಲಿಗರ ಹಿರಿಯರ ಅಭಿಪ್ರಾಯ; ಸಂಶೋಧಕರೂ ಈ ಮಾತನ್ನು ಗಮನಕ್ಕೆ ತೆಗೆದುಕೊಂಡಿರುವರು.

ಸುಸಂಸ್ಕೃತರಾದ ವಾಚಕರು ಈ ಎರಡು ಚರಿತ್ರೆಗಳನ್ನೂ ಬೇರ್ಪಡಿಸದೆ ನೋಡಬೇಕು. ಮುಂಗುರುಳನ್ನು ಹೊಗಳಿದ ಕವಿಗೆ ಯಳಂದೂರಿನಲ್ಲಿ ಗದ್ದುಗೆಯಿದೆ; ಕಲ್ಲನ್ನು ಬಳೆಯಾಗಿಸಿದ ಶಿಲ್ಪಕ್ಕೆ ಮಂಟಪವಿದೆ. ಅದೇ ಊರಿನಿಂದ ಕಣ್ಣೆತ್ತಿದರೆ ಕಾಣುವ ಬೆಟ್ಟದಲ್ಲಿ ಮುಳ್ಳನ್ನು ಸರಿಸಿ ಸೀಗೆಯನ್ನು ಬಿಡಿಸಿದವರಿಗೆ ಸಲ್ಲಬೇಕಾದುದು ಆ ಬೆಟ್ಟದ ಮೇಲಿನ ಹಕ್ಕು. ಅದು ಕಾಗದದ ಮೇಲೆ ಸಂದಿದೆ. ಕಾಡಿನಲ್ಲಿ ಸೀಗೆಯ ಬಳ್ಳಿ ಉಳಿದರೆ ಮಾತ್ರ ಅದು ಕೈಗೂ ಸಂದಂತಾಗುವುದು.