ಬಾಗಳಿ ಯಾವ ಜಿಲ್ಲೆಯಲ್ಲಿದೆ?

ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಯಾವ ಜಿಲ್ಲೆಗೆ ಸೇರಿದ್ದು? ಊರಲ್ಲಿ ಯಾರನ್ನಾದರೂ ಕೇಳಿ, ವಿಜಯನಗರ ಅಂತಾರೆ. ಇಂಟರ್ನೆಟ್ಟಿನಲ್ಲಿ ಕೇಳಿ ನೋಡಿ. ಅಲ್ಲಿನ ಕಲ್ಲೇಶ್ವರ ದೇವಸ್ಥಾನದ ಬಗ್ಗೆ ಬರೆದ ಎಷ್ಟೋ ಹಳೆಯ ಪುಟಗಳಲ್ಲಿ ಬಾಗಳಿ ಇನ್ನೂ ದಾವಣಗೆರೆ ಜಿಲ್ಲೆಯಲ್ಲೇ ಇದೆ!

ಬರೆದವರದು ತಪ್ಪಲ್ಲ ಬಿಡಿ. 1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆಗೆ ಸೇರಿಸಿದರು. 371 ಜೆ ಸೌಲಭ್ಯಕ್ಕಾಗಿ ಜನ ಹೋರಾಡಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಜೊತೆ ವಿಜಯನಗರ ಜಿಲ್ಲೆಯಾಯಿತು. ಸರ್ಕಾರ ಒಂದು ಆದೇಶದಲ್ಲಿ ಜಿಲ್ಲೆ ಬದಲಿಸುತ್ತೆ. ಸರ್ಚ್ ಎಂಜಿನ್ನಿಗೆ ಆದೇಶ ಹೊರಡಿಸೋರು ಯಾರು?

ಇದರ ಹಿಂದೊಂದು ಕಥೆಯಿದೆ. ಮೊದಮೊದಲ ಸರ್ಚ್ ಎಂಜಿನ್ನುಗಳು ಹೆಚ್ಚಾಗಿ ನೋಡ್ತಿದ್ದದ್ದು ಪುಟದೊಳಗಿನ ಪದಗಳನ್ನು. ಜನ ಬಿಡ್ತಾರಾ? ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲೇ ಒಂದೇ ಪದವನ್ನು ನೂರು ಸಲ ತುಂಬಿ ಮೇಲಕ್ಕೆ ಬರ್ತಿದ್ದರು. 1996ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಬೇರೆ ದಾರಿ ಹಿಡಿದರು. ಪುಟ ತನ್ನ ಬಗ್ಗೆ ತಾನೇ ಹೇಳಿಕೊಳ್ಳೋದು ಹಾಗಿರಲಿ, ಬೇರೆ ಪುಟಗಳು ಅದರತ್ತ ಬೆರಳು ತೋರಿಸ್ತವಾ? ಆ ಬೆರಳೇ ಲಿಂಕ್. ದೊಡ್ಡವರ ಬೆರಳಿಗೆ ಹೆಚ್ಚು ತೂಕ. ನೂರು ಕಡೆ ತೋರಿಸಿದರೆ ಆ ತೂಕ ನೂರು ಪಾಲು. ಇದಕ್ಕೆ ಪೇಜ್‌ರ‍್ಯಾಂಕ್ ಅಂತ ಹೆಸರಿಟ್ಟರು. 1998ರಲ್ಲಿ ಗೂಗಲ್ ಕಂಪನಿ ಹುಟ್ಟಿತು.

ನಮಗಿದು ಹೊಸದಲ್ಲ. ಕೊಟ್ಟೂರೇಶ್ವರನ ತೇರಿಗೆ ಎಲ್ಲೆಲ್ಲಿಂದಲೋ ಜನ ನಡಕೊಂಡು ಬರ್ತಾರೆ. ಕ್ಷೇತ್ರ ದೊಡ್ಡದು ಅಂತ ತಿಳಿಯೋಕೆ ಪೂಜಾರಿಯನ್ನು ಕೇಳಬೇಕಿಲ್ಲ, ದಾರಿಗಳು ಎಲ್ಲಿ ಕೂಡ್ತವೆ ನೋಡಿದರೆ ಸಾಕು. ವಿಜ್ಞಾನದಲ್ಲೂ ಅಷ್ಟೇ. ಒಂದು ಲೇಖನವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಅಂತ ಯೂಜೀನ್ ಗಾರ್‌ಫೀಲ್ಡ್ 1964ರಲ್ಲೇ ಸೂಚಿ ಪ್ರಕಟಿಸಿದ್ದರು.

ಬೆರಳಿಗೆ ಬೆಲೆ ಬಂದ ಮೇಲೆ ಬೆರಳೂ ಮಾರಾಟಕ್ಕೆ ಬಂತು. ಅಮೆರಿಕದ ಜೆ.ಸಿ. ಪೆನ್ನಿ ಅನ್ನೋ ಅಂಗಡಿ ಸಮೂಹ ಉಡುಪಿನಿಂದ ಹಾಸಿಗೆವರೆಗೆ ಏನು ಹುಡುಕಿದರೂ ಮೊದಲೇ ಬರ್ತಿತ್ತು. ಸಂಬಂಧವೇ ಇಲ್ಲದ ನೂರಾರು ಸೈಟುಗಳಲ್ಲಿ ಅದಕ್ಕೆ ಸಾವಿರಾರು ಲಿಂಕ್ ನೆಟ್ಟಿದ್ದಾರೆ ಅನ್ನೋದು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಯಿಂದ ಬಯಲಾಯಿತು. ನಮಗೆ ಗೊತ್ತೇ ಇಲ್ಲ ಅಂತು ಕಂಪನಿ! ಗೂಗಲ್ ಅದನ್ನು ಕೆಳಗಿಳಿಸಿತು. ಮರುವರ್ಷ ಏಪ್ರಿಲ್ 24ಕ್ಕೆ ಪೆಂಗ್ವಿನ್ ಅನ್ನೋ ಬದಲಾವಣೆ ತಂದು ಇಂಥ ಸೈಟುಗಳನ್ನೆಲ್ಲ ಹಿಡಿಯಿತು.

ಈಗ ಗೂಗಲ್ ಇನ್ನೂ ನೂರಾರು ವಿಷಯ ಲೆಕ್ಕ ಹಾಕುತ್ತೆ. ಆದರೂ ಲಿಂಕಿನ ಬಲ ಹೋಗಿಲ್ಲ. 1986ರಲ್ಲಿ ಹಂಪಿ ವಿಶ್ವಪರಂಪರೆ ಪಟ್ಟಿ ಸೇರಿತು, ಜಗತ್ತಿನ ಪ್ರವಾಸಿ ಸೈಟುಗಳೆಲ್ಲ ಅದರತ್ತ ಬೆರಳು ತೋರಿಸ್ತವೆ. ಹಡಗಲಿ ತಾಲ್ಲೂಕಿನ ಕುರುವತ್ತಿಯ ಮದನಿಕೆಯರು ಹಂಪಿಗಿಂತ ಹಳಬರು. ಅವರತ್ತ ತೋರಿಸೋರು ಯಾರು? ಪಕ್ಕದ ಮೈಲಾರಕ್ಕೆ ನಾವು ಟಿವಿಯವರು ವರ್ಷಕ್ಕೊಮ್ಮೆ ಕಾರ್ಣಿಕದ ದಿನ ಕ್ಯಾಮೆರಾ ಹೊತ್ತು ಓಡ್ತೀವಿ. ಎಲ್ಲರೂ ಹೋಗ್ತಾರೆ ಅಂತ ನಾವೂ ಹೋಗ್ತೀವಿ. ಕುರುವತ್ತಿ ಕಡೆ ವಾಹನ ತಿರುಗಲ್ಲ.

ಹರಪನಹಳ್ಳಿಯ ಹುಡುಗನೊಬ್ಬ ಇವತ್ತು ಸರಿಯಾದ ಜಿಲ್ಲೆ ಹಾಕಿ ಬಾಗಳಿ ಬಗ್ಗೆ ಚೆಂದದ ಪುಟ ಬರೆದ ಅಂತಿಟ್ಕೊಳ್ಳಿ. ಹಳೆಯ ಪುಟಗಳಿಗೆ ವರ್ಷಗಟ್ಟಲೆ ಕೂಡಿಬಂದ ಲಿಂಕುಗಳಿವೆ. ಇವನದಕ್ಕೆ ಕೊಡಬೇಕಾದವರು ಯಾರು? ಅಲ್ಲಿನ ಕಾಲೇಜು, ಪಂಚಾಯಿತಿ, ಪತ್ರಿಕೆ, ಮತ್ತೆ ನಾವು. ನಮ್ಮ ಚಾನೆಲ್ಲಿನ ವೆಬ್‌ಸೈಟನ್ನೇ ತೆಗೆದು ನೋಡಿದೆ. ನಾವು ಕೊಟ್ಟ ಲಿಂಕುಗಳೆಲ್ಲ ಹೆಚ್ಚುಕಮ್ಮಿ ನಮ್ಮದೇ ಹಳೆಯ ಸುದ್ದಿಗೆ.