ಸತ್ತ ಹಕ್ಕಿಯ ಮುಂದೆ ಕ್ಯಾಮೆರಾ

ಜುಗುಪ್ಸೆಯೂ ರಸವಾಗಬಲ್ಲದೆಂದು ನಮ್ಮ ಕಾವ್ಯಮೀಮಾಂಸೆ ಒಪ್ಪಿ ಶತಮಾನಗಳೇ ಕಳೆದಿವೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ದಾರಿ ಮಾಡಿಕೊಂಡು ಭೀಷ್ಮರ ಬಳಿಗೆ ನಡೆಯುವ ಭಾಗವನ್ನು ಓದುವಾಗ ಯಾರೂ ಪುಸ್ತಕ ಮುಚ್ಚಿಡುವುದಿಲ್ಲ. ಅದೇ ಓದುಗರು ಸತ್ತ ಮೊಲವೊಂದರ ಫೋಟೊ ಕಂಡರೆ ಪುಟ ತಿರುವುತ್ತಾರೆ. ಫೋಟೊದಲ್ಲಿರುವ ಮೊಲ ನಿಜವಾಗಿಯೂ ಸತ್ತಿದೆ, ಕಷ್ಟ ಇರುವುದು ಅಲ್ಲಿ. ಈ ಇರಿಸುಮುರಿಸನ್ನು ಎದುರಿಸುತ್ತಲೇ ಬೆಳೆದ ಒಂದು ಛಾಯಾಗ್ರಹಣ ಪರಂಪರೆ ಇದೆ.

ಅದಕ್ಕೆ ದಾರಿ ಹಾಕಿಕೊಟ್ಟವರು ಚಿತ್ರಕಾರರು. ಹದಿನಾರನೆಯ ಶತಮಾನದ ಹೊಸ್ತಿಲಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಸತ್ತ ನೀಲಕಂಠವೊಂದರ ರೆಕ್ಕೆಯನ್ನು ಗರಿಗರಿಯಾಗಿ ಬಿಡಿಸಿ ಬರೆದ. ಅದು ಯುರೋಪಿನ ನೀಲಕಂಠ. ಕರ್ನಾಟಕದ ರಾಜ್ಯಪಕ್ಷಿಯ ಹತ್ತಿರದ ಬಂಧು. ಮುಂದೆ ಹಾಲೆಂಡಿನ ಕಲಾವಿದರು ಬೇಟೆಯ ಮೊಲ, ಹಂಸಗಳನ್ನು ರೇಷ್ಮೆಯಷ್ಟೇ ನುಣುಪಾಗಿ ಚಿತ್ರಿಸಿದರು. ಕ್ಯಾಮೆರಾ ಬಂದಾಗ ಛಾಯಾಗ್ರಾಹಕರು ಮೊದಲು ಅನುಕರಿಸಿದ್ದು ಇದನ್ನೇ. 1860ರ ದಶಕದಲ್ಲಿ ಫ್ರಾನ್ಸಿನ ಅಡಾಲ್ಫ್ ಬ್ರೌನ್ ಗೋಡೆಗೆ ತೂಗುಬಿಟ್ಟ ಹಕ್ಕಿ, ಮೊಲಗಳ ದೊಡ್ಡ ಅಳತೆಯ ಚಿತ್ರಗಳನ್ನು ತೆಗೆದ. ಅಂದಿನ ನಿಧಾನಗತಿಯ ಕ್ಯಾಮೆರಾದ ಮುಂದೆ ಅಲುಗಾಡದೆ ಇರುತ್ತಿದ್ದ ಪ್ರಾಣಿ ಸತ್ತ ಪ್ರಾಣಿಯೇ.

ಭಾರತದಲ್ಲಿ ಈ ಬಗೆಯ ಚಿತ್ರ ಎಂದರೆ ಶಿಕಾರಿಯ ಫೋಟೊ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬ ಸಾವಿರಾರು ಹುಲಿ, ಚಿರತೆಗಳ ಚರ್ಮಕ್ಕೆ ಜೀವಂತಿಕೆಯ ಭ್ರಮೆ ತುಂಬುತ್ತಿದ್ದ ಕಾಲದಲ್ಲಿ, ಬಿದ್ದ ಹುಲಿಯ ಪಕ್ಕ ಬಂದೂಕು ಹಿಡಿದು ನಿಂತ ರಾಜರ, ದೊರೆಗಳ ಚಿತ್ರಗಳು ಆಲ್ಬಮ್ಮುಗಳನ್ನು ತುಂಬಿದವು. ಅವು ಇತಿಹಾಸಕ್ಕೆ ಬೇಕು. ಆದರೆ ಅಲ್ಲಿ ನೋಡಬೇಕೆಂದು ಇಟ್ಟಿರುವುದು ಮನುಷ್ಯನ ಗೆಲುವನ್ನು. ಹುಲಿಯನ್ನು ಯಾರೂ ನೋಡಿಲ್ಲ.

ನಿಜವಾದ ತಿರುವು ಬಂದದ್ದು ಅಮೆರಿಕದ ಪಶ್ಚಿಮದಲ್ಲಿ. ಎಡ್ವರ್ಡ್ ವೆಸ್ಟನ್ 1942ರಲ್ಲಿ ಪಾಯಿಂಟ್ ಲೋಬೋಸ್ ಕರಾವಳಿಯಲ್ಲಿ ಸತ್ತ ಪೆಲಿಕನ್‌ನ ಚಿತ್ರ ತೆಗೆದ. ಮೊದಲು ಶಂಖ, ದೊಣ್ಣೆಮೆಣಸಿನಕಾಯಿಗಳ ಚಿತ್ರ ತೆಗೆದಿದ್ದ ಕಣ್ಣಿನಿಂದಲೇ ಅವನು ಆ ಹಕ್ಕಿಯ ಗರಿಗಳನ್ನೂ ನೋಡಿದ. ವೆಸ್ಟನ್‌ನಿಂದ ಪ್ರೇರಣೆ ಪಡೆದ ಫ್ರೆಡರಿಕ್ ಸೋಮರ್ ಅವನಿಗಿಂತ ಮೊದಲೇ, ಅವನಿಗಿಂತ ಮುಂದೆ ಹೋಗಿದ್ದ. ಇಟಲಿಯಲ್ಲಿ ಹುಟ್ಟಿ, ಬ್ರೆಜಿಲ್‌ನಲ್ಲಿ ಬೆಳೆದು, ಕ್ಷಯದಿಂದ ಬಳಲಿ, ಕೊನೆಗೆ ಅರಿಜೋನಾದ ಒಣನೆಲದಲ್ಲಿ ನೆಲೆಸಿದವನು ಈತ. 1939ರ ಅವನ ‘ಜ್ಯಾಕ್ ರ‍್ಯಾಬಿಟ್’ ಚಿತ್ರದಲ್ಲಿ ಮೊಲವೊಂದು ಒಣಗಿ ನೆಲಕ್ಕಂಟಿದೆ. ರೋಮ ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಅದೇ ಕಾಲದಲ್ಲಿ ಸೋಮರ್ ದಿಗಂತವೇ ಇಲ್ಲದ ಮರುಭೂಮಿಯ ಚಿತ್ರಗಳನ್ನೂ ತೆಗೆಯುತ್ತಿದ್ದ. ಅವುಗಳಲ್ಲೂ ಕೇಂದ್ರವಿಲ್ಲ, ಕಲ್ಲಿಗೂ ಕಳ್ಳಿಗೂ ಒಂದೇ ಮರ್ಯಾದೆ. ಎರಡನ್ನೂ ಒಟ್ಟಿಗೆ ನೋಡಿದರೆ ಅವನು ಮಾಡಿದ್ದೇನೆಂದು ತಿಳಿಯುತ್ತದೆ. ಸತ್ತ ಮೊಲವನ್ನು ಅವನು ಅಲಂಕರಿಸಲಿಲ್ಲ, ಅದಕ್ಕಾಗಿ ಅಳಲೂ ಇಲ್ಲ. ಅದು ನೆಲವಾಗುತ್ತಿರುವುದನ್ನು ತೋರಿಸಿದ. ಈ ಪರಂಪರೆಯಲ್ಲಿ ಇದಕ್ಕಿಂತ ದೊಡ್ಡ ಚಿತ್ರ ಬಂದಿಲ್ಲವೆಂದೇ ನನ್ನ ಎಣಿಕೆ.

ನೆಲವಾಗುವುದಕ್ಕೆ ಸಮಯ ಹಿಡಿಯುತ್ತದೆ. ನೊಣಗಳು ನಿಮಿಷಗಳಲ್ಲಿ ಬರುತ್ತವೆ. ಒಡಲು ಉಬ್ಬುತ್ತದೆ, ಹುಳುಗಳು ಮಾಂಸ ಮುಗಿಸುತ್ತವೆ, ಜೀರುಂಡೆಗಳು ಒಣಚರ್ಮಕ್ಕೆ ಬಾಯಿ ಹಾಕುತ್ತವೆ. ಒಂದು ಸ್ಥಿರಚಿತ್ರಕ್ಕೆ ಇಷ್ಟೆಲ್ಲ ದಕ್ಕದು. ಪೀಟರ್ ಗ್ರೀನವೇ 1985ರ ತನ್ನ ಸಿನಿಮಾ ‘ಎ ಜೆಡ್ ಅಂಡ್ ಟೂ ನಾಟ್ಸ್’ನಲ್ಲಿ ಪ್ರಾಣಿಗಳ ಕೊಳೆಯುವಿಕೆಯನ್ನು ವೇಗಗೊಳಿಸಿ ತೋರಿಸಿದ. ಬ್ರಿಟನ್ನಿನ ಸ್ಯಾಮ್ ಟೇಲರ್-ವುಡ್ 2002ರ ‘ಎ ಲಿಟಲ್ ಡೆತ್’ನಲ್ಲಿ ತೂಗುಬಿದ್ದ ಮೊಲವೊಂದು ಕರಗಿಹೋಗುವುದನ್ನು ಕೆಲವೇ ನಿಮಿಷಗಳಿಗೆ ಇಳಿಸಿದರು. ಪಕ್ಕದಲ್ಲಿಟ್ಟ ಪೀಚ್ ಹಣ್ಣು ಮಾತ್ರ ಕೊಳೆಯುವುದಿಲ್ಲ. ಆ ಹಣ್ಣೇ ಮೊಲಕ್ಕಿಂತ ಹೆಚ್ಚು ಕಂಗೆಡಿಸುತ್ತದೆ. ಸ್ಯಾಲಿ ಮನ್ 2003ರ ‘ವಾಟ್ ರಿಮೇನ್ಸ್’ ಕೃತಿಯಲ್ಲಿ ತಮ್ಮ ಪ್ರೀತಿಯ ನಾಯಿ ಈವಾಳ ಅಸ್ಥಿಗಳನ್ನು ಹತ್ತೊಂಬತ್ತನೆಯ ಶತಮಾನದ ಗಾಜುಫಲಕ ವಿಧಾನದಲ್ಲಿ ಸೆರೆಹಿಡಿದರು. ಪ್ರೀತಿಸಿದ್ದನ್ನೇ ಹೀಗೆ ನೋಡುವ ಧೈರ್ಯ ಅಪರೂಪದ್ದು.

ಈ ಶತಮಾನದಲ್ಲಿ ಚೆಲುವಿನ ಜೊತೆಗೆ ಸಾಕ್ಷ್ಯವೂ ಬಂತು. ಉತ್ತರ ಪೆಸಿಫಿಕ್‌ನ ಮಿಡ್ವೇ ದ್ವೀಪಗಳಲ್ಲಿ ಆಲ್ಬಟ್ರಾಸ್ ಹಕ್ಕಿಗಳು ಸಮುದ್ರದಿಂದ ಪ್ಲಾಸ್ಟಿಕ್ ಆಯ್ದು ತಂದು ಮರಿಗಳಿಗೆ ಉಣಿಸುತ್ತವೆ. 2009ರಲ್ಲಿ ಕ್ರಿಸ್ ಜೋರ್ಡನ್ ಅಲ್ಲಿ ಸತ್ತ ಮರಿಗಳ ಚಿತ್ರ ತೆಗೆದರು. ಗರಿಗಳು ಬೂದುಬಣ್ಣಕ್ಕೆ ತಿರುಗಿ ನೆಲಕ್ಕೆ ಬೆರೆಯುತ್ತಿವೆ, ಎಲುಬುಗೂಡು ತೆರೆದಿದೆ, ಒಳಗೆ ಬಾಟಲಿ ಮುಚ್ಚಳಗಳೂ ಲೈಟರುಗಳೂ ಕೆಂಪು, ನೀಲಿಯಾಗಿ ಹೊಳೆಯುತ್ತಿವೆ. ಒಂದು ತುಣುಕನ್ನೂ ತಾವು ಸರಿಸಿಲ್ಲ ಎಂದು ಜೋರ್ಡನ್ ಸ್ಪಷ್ಟಪಡಿಸಿದ್ದಾರೆ. ಸೋಮರ್‌ನ ಮೊಲ ಪೂರ್ತಿ ಮಣ್ಣಿಗೆ ಮರಳಿತು. ಈ ಮರಿಯ ಹೊಟ್ಟೆಯಲ್ಲಿರುವುದು ಮರಳಲಾರದು. ಜೋರ್ಡನ್‌ರ ಚಿತ್ರಗಳಿಗೆ ಹೋಲಿಸಿದರೆ, ತಾಂಜಾನಿಯಾದ ನೇಟ್ರಾನ್ ಸರೋವರದ ದಡದಲ್ಲಿ ಸೋಡಾ ಉಪ್ಪಿನಿಂದ ಗಟ್ಟಿಯಾದ ಹಕ್ಕಿಗಳನ್ನು ಎತ್ತಿ ಕೊಂಬೆಗಳ ಮೇಲೆ ಕೂರಿಸಿದ ನಿಕ್ ಬ್ರಾಂಟ್‌ನ ಚಿತ್ರಗಳು ಮನಮೋಹಕವಾದರೂ ನನಗೆ ಒಂದು ಹಿಡಿ ಕಡಿಮೆಯೇ. ಕೊಂಬು ಕಡಿಸಿಕೊಂಡು ಬಿದ್ದ ದಕ್ಷಿಣ ಆಫ್ರಿಕಾದ ಖಡ್ಗಮೃಗದ ಚಿತ್ರಕ್ಕೆ ಬ್ರೆಂಟ್ ಸ್ಟರ್ಟನ್ 2017ರಲ್ಲಿ ವರ್ಷದ ವನ್ಯಜೀವಿ ಛಾಯಾಗ್ರಾಹಕ ಪ್ರಶಸ್ತಿ ಪಡೆದ ಮೇಲೆ, ಇಂಥ ಚಿತ್ರ ಅಂಚಿನಲ್ಲಿ ಉಳಿಯಲಿಲ್ಲ.

ಮರಳಿ ಮಣ್ಣಾಗುವ ಹಾದಿ ನಮ್ಮಲ್ಲೂ ಕಡಿದಿದೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಔಷಧದಿಂದ, ಅವುಗಳ ಹೆಣ ತಿಂದು ಮುಗಿಸುತ್ತಿದ್ದ ರಣಹದ್ದುಗಳು ಬಹುತೇಕ ನಶಿಸಿದವು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದು ನಿಷೇಧವಾದರೂ ರಾಮನಗರದ ಬೆಟ್ಟದಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ತಡೆಯಿದೆ. ಅಂಥ ತಡೆಯಿಲ್ಲದ ಕಾಡುದಾರಿಗಳಲ್ಲಿ ಹಾವು, ಪುನುಗು ಬೆಕ್ಕು, ಕಪ್ಪೆಗಳು ವಾಹನಗಳಡಿ ಸಿಕ್ಕಿ, ಮಣ್ಣಿನ ಬದಲು ಟಾರಿಗೆ ಅಂಟುತ್ತಲೇ ಇವೆ. ಹುಲಿಯ ನೆಗೆತಕ್ಕಾಗಿ ದಿನಗಟ್ಟಲೆ ಕಾಯುವ ನಮ್ಮ ಛಾಯಾಗ್ರಾಹಕರಲ್ಲಿ ಒಂದು ಕೋರಿಕೆ: ಹಿಂದಿರುಗುವಾಗ ಸುರಕ್ಷಿತ ಜಾಗದಲ್ಲಿ ವಾಹನ ನಿಲ್ಲಿಸಿ, ಆ ಕಪ್ಪೆಯ ಚಿತ್ರವನ್ನೂ ತೆಗೆಯಿರಿ. ಅದನ್ನು ಸರಿಸಬೇಡಿ, ಅಲಂಕರಿಸಬೇಡಿ. ಜಾಗ, ತಾರೀಕು ಬರೆದಿಡಿ. ಪ್ರದರ್ಶನ ಏರ್ಪಡಿಸುವವರು ಅದಕ್ಕೊಂದು ಗೋಡೆ ಬಿಟ್ಟುಕೊಡಲಿ.