ಮಾದರಿ ಒಂದು, ಕಟ್ಟೆ ಹಲವು: ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮದ್ದು ಪರೀಕ್ಷೆಯ ವ್ಯಾಜ್ಯಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಜನರಿಗೆ ಜಾತ್ರೆಯ ಕುಸ್ತಿ ಹೊಸದಲ್ಲ. ಬಾಕ್ಸಿಂಗ್ ಕಲಿಯಬೇಕೆಂಬ ಹುಡುಗ ಮಾತ್ರ ಹೊಳೆ ದಾಟಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನತ್ತ ನೋಡಬೇಕು. ಅಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಪಳಗಿದ ಹರಿಯಾಣದ ನಿಶಾಂತ್ ದೇವ್, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿ, 2025ರ ಜನವರಿಯಲ್ಲಿ ಅಮೆರಿಕದ ನೆವಾಡಾ ರಾಜ್ಯದ ಲಾಸ್ ವೇಗಸ್‌ನಲ್ಲಿ ವೃತ್ತಿಪರರಾದರು. ಅವರ ಮೇಲೆ ಯಾವ ಆರೋಪವೂ ಇಲ್ಲ. ಅವರ ಹೆಸರನ್ನು ಎತ್ತಿದ್ದು ದಾರಿ ತೋರಿಸುವುದಕ್ಕಷ್ಟೆ. ತೋರಣಗಲ್ಲಿನಲ್ಲಿದ್ದಾಗ ಮೂತ್ರದ ಮಾದರಿ ಕೇಳುವ ಹಕ್ಕು ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯದು. ನೆವಾಡಾದ ರಿಂಗ್ ಹತ್ತಿದ ಮೇಲೆ ಆ ರಾಜ್ಯದ ಕ್ರೀಡಾ ಆಯೋಗದ ಲೈಸೆನ್ಸಿನ ಷರತ್ತುಗಳು ಅನ್ವಯಿಸುತ್ತವೆ. ದೇಹ ಅದೇ, ಕಾನೂನು ಬೇರೆ. ವೃತ್ತಿಪರ ಬಾಕ್ಸಿಂಗ್‌ನ ವ್ಯಾಜ್ಯಗಳು ಬಹುಪಾಲು ಹುಟ್ಟುವುದು ರಸಾಯನಶಾಸ್ತ್ರದಿಂದಲ್ಲ, ಈ ಬದಲಾವಣೆಯಿಂದ ಎಂಬುದು ಈ ಲೇಖನದ ವಾದ.

ಮಾದರಿ ಪಡೆಯುವ ಕ್ರಮ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಸೀಲ್ ಮಾಡಿದ ಕಿಟ್‌ಗಳಲ್ಲಿ ಒಂದನ್ನು ಆಟಗಾರನೇ ಆರಿಸಿಕೊಳ್ಳುತ್ತಾನೆ. ಅಧಿಕಾರಿಯ ಕಣ್ಣೆದುರೇ ಕನಿಷ್ಠ 90 ಮಿಲಿಲೀಟರ್ ಮೂತ್ರ ಕೊಡಬೇಕು. ಅದನ್ನು ಎ ಮತ್ತು (ಮರುಪರೀಕ್ಷೆಗೆ ಕಾದಿಡುವ) ಬಿ ಬಾಟಲಿಗಳಿಗೆ ಹಂಚಿ ಸುರಿದು, ಮುಚ್ಚಳ ತಿರುಗಿಸಿ, ಸಂಖ್ಯೆ ತಾಳೆ ನೋಡುವವನೂ ಅವನೇ. ಕಳೆದ ಏಳು ದಿನಗಳಲ್ಲಿ ನುಂಗಿದ ಔಷಧಿ, ಪುಡಿ, ಟಾನಿಕ್‌ಗಳನ್ನು ನಮೂನೆಯಲ್ಲಿ ಬರೆದು ಸಹಿ ಹಾಕಬೇಕು. ಕಸಿವಿಸಿಯ ನಡುವೆ ತುಂಬಿಸುವ ಈ ಕಾಗದವೇ ಮುಂದೆ ಮುಖ್ಯ ಸಾಕ್ಷ್ಯವಾಗುತ್ತದೆ. ಬರೆಯದೆ ಬಿಟ್ಟ ಟಾನಿಕ್ಕಿನ ಹೆಸರನ್ನು ಆಮೇಲೆ ಹೇಳಿದರೆ ವಿಚಾರಣಾ ಸಮಿತಿ ಅನುಮಾನದಿಂದಲೇ ನೋಡುತ್ತದೆ.

ಕರ್ನಾಟಕದಲ್ಲಿ ಈ ಬಗೆಯ ವ್ಯಾಜ್ಯ ಕೊನೆಯ ಮೆಟ್ಟಿಲಿನವರೆಗೆ ಹೋದ ಪ್ರಕರಣವೆಂದರೆ ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿಯದು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯಾಡ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಚಿನ್ನ. 2011ರಲ್ಲಿ ನಾಡಾ ಪಡೆದ ಮಾದರಿಯಲ್ಲಿ ಮೆಥಾಂಡಿಯೆನೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು; ಜೊತೆಯ ಹಲವು ಓಟಗಾರ್ತಿಯರೂ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಕಲಬೆರಕೆಯಾಗಿತ್ತು ಎಂಬುದು ಅವರೆಲ್ಲರ ವಾದ. ಕೋಚ್ ಕೆಲಸ ಕಳೆದುಕೊಂಡರು. ಡಿಸೆಂಬರ್‌ನಲ್ಲಿ ನಾಡಾದ ಶಿಸ್ತು ಸಮಿತಿ ಆ ವಾದಕ್ಕೆ ಕಿವಿಗೊಟ್ಟು ಒಂದು ವರ್ಷದ ನಿಷೇಧ ಹೇರಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಅದನ್ನು ಒಪ್ಪದೆ ಸ್ವಿಟ್ಜರ್‌ಲೆಂಡ್‌ನ ಲೂಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಯಿತು. 2012ರ ಜುಲೈಯಲ್ಲಿ ಶಿಕ್ಷೆ ಎರಡು ವರ್ಷಕ್ಕೆ ಏರಿತು. ಕೋಚ್ ಕೊಟ್ಟದ್ದನ್ನು ತಿಂದೆ ಎಂಬ ಮಾತು ಶಿಕ್ಷೆ ಇಳಿಸಲು ಸಾಲದು ಎಂಬುದೇ ಅದರ ಫಲಿತಾರ್ಥ.

ಈ ತೀರ್ಪು ಕಠೋರವೆಂದೇ ನನ್ನ ಅಭಿಪ್ರಾಯ. ರಾಷ್ಟ್ರೀಯ ಶಿಬಿರದಲ್ಲಿ ಕೋಚ್ ಮಾತು ಮೀರುವ ಧೈರ್ಯ ಎಷ್ಟು ಹುಡುಗಿಯರಿಗಿದ್ದೀತು? ಆದರೂ ಪರೀಕ್ಷಿಸುವವರು ಯಾರು, ಮೇಲ್ಮನವಿ ಎಲ್ಲಿಗೆ ಎಂಬ ತಕರಾರೇ ಅಲ್ಲಿ ಏಳಲಿಲ್ಲ. ಏಣಿ ಒಂದೇ ಇತ್ತು, ಎಲ್ಲರೂ ಅದನ್ನೇ ಹತ್ತಿದರು.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅಂಥ ಏಣಿಯಿಲ್ಲ. 2011ರಲ್ಲಿ ಅಮೆರಿಕದಲ್ಲಿ ಶುರುವಾದ ವಾಡಾ (ಜಾಗತಿಕ ಮದ್ದು ತಡೆ ಸಂಸ್ಥೆಯಲ್ಲ, ಅದೇ ಉಚ್ಚಾರದ ಸ್ವಯಂಪ್ರೇರಿತ ಪರೀಕ್ಷಾ ಸಂಘ) ಒಪ್ಪಂದದ ಮೇರೆಗೆ ಮಾದರಿ ಪರೀಕ್ಷಿಸಿ ಫಲಿತಾಂಶ ತಿಳಿಸುತ್ತದೆ. ಶಿಕ್ಷಿಸುವ ಅಧಿಕಾರ ಅದಕ್ಕಿಲ್ಲ. 2022ರಲ್ಲಿ ಬ್ರಿಟನ್ನಿನ ಬಾಕ್ಸರ್ ಕಾನರ್ ಬೆನ್ ಮಾದರಿಯಲ್ಲಿ ಅದು ಕ್ಲೋಮಿಫೀನ್ ಎಂಬ ನಿಷೇಧಿತ ಮದ್ದು ಪತ್ತೆಹಚ್ಚಿತು. ಅಕ್ಟೋಬರ್ 8ರ ಯೂಬ್ಯಾಂಕ್ ಜೂನಿಯರ್ ಜೊತೆಗಿನ ಪಂದ್ಯ ನಿಂತುಹೋಯಿತು. ಮೊಟ್ಟೆ ಅತಿಯಾಗಿ ತಿಂದದ್ದು ಕಾರಣವಿರಬಹುದೆಂದು ವಿಶ್ವ ಬಾಕ್ಸಿಂಗ್ ಕೌನ್ಸಿಲ್ 2023ರಲ್ಲಿ ಒಪ್ಪಿತು. ಮೊಟ್ಟೆಯ ಕಥೆ ಬೇಡವೆಂದು ಬೆನ್ ಕಡೆಯವರೇ ಮುಖ ತಿರುಗಿಸಿದ್ದು ಈ ಪ್ರಕರಣದ ತಮಾಷೆ. ಬ್ರಿಟನ್ನಿನ ಮದ್ದು ತಡೆ ಸಂಸ್ಥೆ ಪ್ರತ್ಯೇಕ ಆರೋಪ ಹೊರಿಸಿತು. ತಾತ್ಕಾಲಿಕ ಅಮಾನತು 2023ರ ಜುಲೈಯಲ್ಲಿ ತೆರವಾಗಿ, 2024ರ ಮೇಯಲ್ಲಿ ಮೇಲ್ಮನವಿಯಲ್ಲಿ ಮರಳಿ ಬಂದು, ನವೆಂಬರ್‌ನಲ್ಲಿ ಆರೋಪ ಸಾಬೀತಾಗಿಲ್ಲವೆಂದು ಮುಗಿಯಿತು. ನಿಂತುಹೋದ ಆ ಪಂದ್ಯ 2025ರ ಏಪ್ರಿಲ್ 26ರಂದು ನಡೆಯಿತು. ಎರಡು ವರ್ಷದ ಈ ಹಗ್ಗಜಗ್ಗಾಟದ ಬಹುಭಾಗ ಯಾವ ಕಟ್ಟೆಗೆ ನ್ಯಾಯ ಹೇಳುವ ಹಕ್ಕಿದೆ ಎಂಬುದನ್ನೇ ಸುತ್ತಿತ್ತು.

ಅಧಿಕಾರದ ಪ್ರಶ್ನೆ ನಮ್ಮಲ್ಲೂ ಎದ್ದದ್ದುಂಟು. 2013ರಲ್ಲಿ ಪಂಜಾಬ್ ಪೊಲೀಸರು ಹೆರಾಯಿನ್ ಪ್ರಕರಣವೊಂದರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಕಂಚಿನ ವಿಜೇಂದರ್ ಸಿಂಗ್ ಹೆಸರೆತ್ತಿದರು. ಪಂದ್ಯವಿಲ್ಲದ ಕಾಲದಲ್ಲಿ ಹೆರಾಯಿನ್‌ಗಾಗಿ ಪರೀಕ್ಷಿಸಲು ನಿಯಮದಲ್ಲಿ ಅವಕಾಶವಿಲ್ಲವೆಂದು ನಾಡಾ ಹೇಳಿತು. ಕ್ರೀಡಾ ಸಚಿವಾಲಯ ಪರೀಕ್ಷಿಸಿ ಎಂದಿತು. ಪರೀಕ್ಷೆ ನಡೆದು ವಿಜೇಂದರ್ ದೋಷಮುಕ್ತರಾದರು. ಆಗ ಅವರಿನ್ನೂ ಅಮೆಚೂರ್, ವೃತ್ತಿಪರರಾದದ್ದು 2015ರಲ್ಲಿ.

2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ನಾಡಾಕ್ಕೆ ಶಾಸನದ ಬಲ ಕೊಡಲೆಂದು ಬಂದದ್ದು. ಆದರೆ ವೃತ್ತಿಪರ ಬಾಕ್ಸರ್‌ಗಳಿಗೆ ಲೈಸೆನ್ಸ್ ಕೊಡುವ ನೆವಾಡಾ ಮಾದರಿಯ ಸರ್ಕಾರಿ ಆಯೋಗ ನಮ್ಮಲ್ಲಿಲ್ಲ. ಆದ್ದರಿಂದ ಮಸ್ಕಿಯ ಹುಡುಗನೊಬ್ಬ ನಾಳೆ ಪ್ರೊಮೋಟರ್‌ನ ಒಪ್ಪಂದಕ್ಕೆ ಸಹಿ ಹಾಕುವುದಾದರೆ, ಹಣದ ಕಲಮಿಗಿಂತ ಮೊದಲು ಓದಬೇಕಾದದ್ದು ಪರೀಕ್ಷೆಯ ಕಲಮನ್ನು: ಮಾದರಿ ಪಡೆಯುವವರಾರು, ಯಾರ ನಿಷೇಧಿತ ಪಟ್ಟಿ, ಮೇಲ್ಮನವಿ ಎಲ್ಲಿ. ಜಿಮ್‌ನಲ್ಲಿ ಡಬ್ಬಿಯಿಂದ ಚಮಚದಲ್ಲಿ ಅಳೆದು ಕೊಟ್ಟ ಪುಡಿಗೆ ಬಿಲ್ಲೂ ಇರುವುದಿಲ್ಲ, ಬ್ಯಾಚ್ ನಂಬರೂ ಇರುವುದಿಲ್ಲ. ಕಲಬೆರಕೆಯ ವಾದ ಹೂಡಲು ಬೇಕಾದದ್ದು ಅವೆರಡು, ಜೊತೆಗೆ ಅದೇ ಬ್ಯಾಚಿನ ಸೀಲ್ ಒಡೆಯದ ಇನ್ನೊಂದು ಡಬ್ಬಿ. ಒಪ್ಪಂದದಲ್ಲಿ ಆ ಕಲಮೇ ಇಲ್ಲದಿದ್ದರಂತೂ, ಬಿ ಬಾಟಲಿ ತೆರೆಯಿರಿ ಎಂಬ ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕೆಂಬುದೇ ಮೊದಲ ವ್ಯಾಜ್ಯವಾಗುತ್ತದೆ.